ಅಲ್ಲೇ ಓದಿದ ಪತ್ರಿಕೆಗೆ ಲೆಕ್ಕವೆಲ್ಲಿ?

ಎರವಲು ಹೋದ ಪುಸ್ತಕ ಗ್ರಂಥಾಲಯದ ದಾಖಲೆಗೆ ಸೇರುತ್ತದೆ. ನಿಯತಕಾಲಿಕಗಳನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಹಾಗಾಗಿ ಸದಾ ಜನ ತುಂಬಿರುವ ಪತ್ರಿಕಾ ವಿಭಾಗವೇ ಅಂಕಿ ಅಂಶಗಳಲ್ಲಿ ಖಾಲಿ ಕಾಣುತ್ತದೆ.

ಪುಸ್ತಕ ಇರುವುದು ಬಳಕೆಗೆ ಎಂದು 1931ರಲ್ಲೇ ಸಾರಿದ ಎಸ್. ಆರ್. ರಂಗನಾಥನ್, ಪತ್ರಿಕೆಗಳಿಗಾಗಿ ಮೂರು ಕಾರ್ಡುಗಳ ಪದ್ಧತಿಯೊಂದನ್ನು ರೂಪಿಸಿದ್ದರು. ಯಾವ ಸಂಚಿಕೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಅದು ಚೆನ್ನಾಗಿ ಹೇಳುತ್ತಿತ್ತು. ಬಂದದ್ದನ್ನು ಯಾರಾದರೂ ತೆರೆದರೇ ಎಂಬುದು ಅದರ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿದವರು ಬಳಕೆಯ ಅಧ್ಯಯನಕಾರರು. ಎರವಲಿನ ಲೆಕ್ಕ ನೋಡಿದರೆ ಒಳಗಿನ ಓದನ್ನೂ ಸುಮಾರಾಗಿ ಅಂದಾಜಿಸಬಹುದು ಎಂದರು ಷಿಕಾಗೋದ ಫಸ್ಲರ್ ಮತ್ತು ಸೈಮನ್ (1961). ಪುಸ್ತಕದ ಮಟ್ಟಿಗೆ ಇದು ವಾದಕ್ಕೆ ನಿಲ್ಲಬಹುದು. ಎರವಲೇ ಇಲ್ಲದ ಪತ್ರಿಕೆಗೆ ಯಾವ ಆಧಾರದ ಮೇಲೆ ಅಂದಾಜು ಕಟ್ಟುವುದು? ಕೊನೆಗೆ ಉಳಿದದ್ದು ಎಣಿಕೆಯೇ. ‘ಓದಿದ ಮೇಲೆ ಕಪಾಟಿಗೆ ಇಡಬೇಡಿ, ಮೇಜಿನ ಮೇಲೇ ಬಿಡಿ’ ಎಂದು ಫಲಕ ಹಾಕುವುದು, ಸಂಜೆ ಎತ್ತಿಡುವಾಗ ಹಾಳೆಯ ಮೇಲೆ ಗೀಟು ಎಳೆಯುವುದು. ಗೀಟುಗಳನ್ನು ಕೂಡಿಸುವಷ್ಟರಲ್ಲಿ ಸಿಬ್ಬಂದಿಗೆ ಸಾಕಾಗುತ್ತಿತ್ತು.

1974ರ ಜೂನ್‌ನಲ್ಲಿ ಅಮೆರಿಕದ ಒಹಾಯೋದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಬಾರ್‌ಕೋಡನ್ನು ಯಂತ್ರ ಓದಿತು. ಅದೇ ದಶಕದಲ್ಲಿ ಗ್ರಂಥಾಲಯಗಳೂ ಬಾರ್‌ಕೋಡ್ ಹಚ್ಚತೊಡಗಿದವು. ಗೀಟಿನ ಜಾಗಕ್ಕೆ ಸ್ಕ್ಯಾನರ್ ಬಂತು. ನ್ಯೂಜಿಲೆಂಡಿನಲ್ಲಿ 2000ದಲ್ಲಿ ಬಳಕೆಗೆ ಬಂದ ಉಚಿತ ತಂತ್ರಾಂಶ ಕೋಹಾದಲ್ಲಿ ಇದಕ್ಕೆ ಸೌಲಭ್ಯವೇ ಇದೆ: ಎರವಲು ಹೋಗದ ಪ್ರತಿಯನ್ನು ಹಿಂದಿರುಗಿಸಿದಂತೆ ಸ್ಕ್ಯಾನ್ ಮಾಡಿದರೆ ಅದನ್ನು ಸ್ಥಳೀಯ ಬಳಕೆಯೆಂದು ದಾಖಲಿಸುವಂತೆ ಹೊಂದಿಸಿಕೊಳ್ಳಬಹುದು.

ತೊಡಕುಗಳೂ ಇವೆ. ಪತ್ರಿಕೆಯ ರಕ್ಷಾಪುಟದಲ್ಲಿ 977ರಿಂದ ಶುರುವಾಗುವ ಬಾರ್‌ಕೋಡ್ ಶೀರ್ಷಿಕೆಯನ್ನು ತಿಳಿಸುತ್ತದೆ. ಸಂಚಿಕೆ ತಿಳಿಯಬೇಕಾದರೆ ಪಕ್ಕದ ಪುಟ್ಟ ಪಟ್ಟಿಯನ್ನೂ ಓದಿಸಬೇಕು. ಒಂದೇ ಪ್ರತಿಯನ್ನು ಹತ್ತು ಜನ ಕೈ ಬದಲಿಸಿ ಓದಿದರೂ ಯಂತ್ರಕ್ಕೆ ಅದು ಒಂದೇ. ಓದಿ ಮುಗಿಸಿ ನೀಟಾಗಿ ಕಪಾಟಿಗೆ ಸೇರಿಸುವ ಶಿಸ್ತಿನ ಓದುಗರಂತೂ ಲೆಕ್ಕದಿಂದಲೇ ಮಾಯ! ವಿದ್ಯುನ್ಮಾನ ಪತ್ರಿಕೆಗಳಿಗೆ ಈ ಪಾಡಿಲ್ಲ. ಅವುಗಳ ಬಳಕೆಯನ್ನು ಎಣಿಸಲು 2002ರಿಂದ ‘ಕೌಂಟರ್’ ಎಂಬ ಯೋಜನೆಯೇ ಇದೆ.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಹಳ್ಳಿಗಳವರೆಗೂ ಓದಿನ ದಾರಿ ತೆರೆಯಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಬಾಗಿಲಲ್ಲಿಟ್ಟ ಸಹಿ ಪುಸ್ತಕ ಎಷ್ಟು ಮಂದಿ ಬಂದರೆಂದು ಹೇಳೀತು, ಏನು ಓದಿದರೆಂದು ಹೇಳದು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಂಥ, ಕನ್ನಡವೂ ಉರ್ದುವೂ ಬಳಕೆಯಲ್ಲಿರುವ ಊರಿಗೆ ಯಾವ ಭಾಷೆಯ ಯಾವ ಪತ್ರಿಕೆ ತರಿಸಬೇಕೆಂದು ನಿರ್ಧರಿಸಲು ಬೇಕಾದದ್ದು ಈ ಎರಡನೆಯ ಉತ್ತರ. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಶೀರ್ಷಿಕೆಗೊಂದು ಬಾರ್‌ಕೋಡ್ ಚೀಟಿ, ಮೇಲ್ವಿಚಾರಕರ ಕೈಯಲ್ಲಿರುವ ಮೊಬೈಲಿನ ಕ್ಯಾಮೆರಾ ಸಾಕು. ಓದುಗರ ಹೆಸರು ಅದರಲ್ಲಿ ಸೇರಕೂಡದು. ಎಣಿಕೆ ಕಡಿಮೆ ಬಂತೆಂದು ಸಣ್ಣ ಪತ್ರಿಕೆಯ ಚಂದಾವನ್ನು ಒಂದೇ ಏಟಿಗೆ ನಿಲ್ಲಿಸುವುದೂ ಸಲ್ಲದು. ಮುಂದಿನ ವರ್ಷದ ಪಟ್ಟಿಗೆ ಸಹಿ ಹಾಕುವ ಮುನ್ನ ಎರಡು ವಾರ ಹೀಗೆ ಎಣಿಸಿ ನೋಡಬೇಕೆಂದು ಪಂಚಾಯಿತಿಗಳನ್ನು ಕೇಳಿಕೊಳ್ಳುತ್ತೇನೆ.