ಡಮಾಸ್ಕಸ್ ಅಲಗೂ ಮೇರಿಲೆಂಡಿನ ರೈತನೂ

ಕೈಕಸುಬು ಹೊಟ್ಟೆಪಾಡಿಗಾಗಿಯೇ ಹುಟ್ಟುವುದೆಂಬ ನಮ್ಮ ಎಣಿಕೆಯನ್ನು ಅಮೆರಿಕಾ ದೇಶದ ಹವ್ಯಾಸಿ ಚೂರಿಗಾರರು ಸುಳ್ಳಾಗಿಸಿರುವರು. ಮೇರಿಲೆಂಡ್ ಸೀಮೆಯ ವಿಲಿಯಂ ಮೊರನ್ (1925–2006) ಹೊಲಮನೆಯಲ್ಲಿ ಬೆಳೆದವನು. ಬಾಲ್ಯದಲ್ಲಿಯೇ ವಿನೋದಕ್ಕಾಗಿ ಚೂರಿಗಳನ್ನು ಬಡಿಯಲಾರಂಭಿಸಿ, ಕಡೆಗೆ ಹೊಲವನ್ನೇ ಮಾರಿ ಕುಲುಮೆಯನ್ನು ನಂಬಿದನು. ಆಗಿನ ಹವ್ಯಾಸಿಗಳಲ್ಲಿ ಉಕ್ಕಿನ ಪಟ್ಟಿಯನ್ನು ಸಾಣೆಯಲ್ಲಿ ಸವೆಸಿ ಅಲಗು ಮಾಡುವವರೇ ಬಹಳ. ಕಾಯಿಸಿ ಬಡಿಯುವವರು ವಿರಳ. 1973ರಲ್ಲಿ ಕನ್ಸಾಸ್ ಪಟ್ಟಣದಲ್ಲಿ ನೆರೆದ ಚೂರಿಗಾರರ ಸಂಘದ ಮೇಳದಲ್ಲಿ ಇವನು ಡಮಾಸ್ಕಸ್ ಮಾದರಿಯ ಅಲಗುಗಳನ್ನು ಇಟ್ಟನು. ಕಬ್ಬಿಣ ಉಕ್ಕುಗಳ ಪದರಗಳನ್ನು ಕಾಯಿಸಿ, ಬೆಸೆದು, ಮಡಿಚಿ, ಮತ್ತೆ ಬಡಿದು, ಆಮ್ಲದಲ್ಲಿ ಅದ್ದಲು ಅಲೆಯಲೆಯಾಗಿ ರೇಖೆಗಳು ಮೂಡುವುವು. ಆ ವಿಧಾನವನ್ನು ಬರೆದ ಕಿರುಹೊತ್ತಗೆಯನ್ನೂ ಬಂದವರಿಗೆ ಧರ್ಮಾರ್ಥವಾಗಿ ಹಂಚಿದನು! ಗುಟ್ಟನ್ನು ಬಚ್ಚಿಟ್ಟಿದ್ದರೆ ಕೇಳುವವರಾರು?

ನಮ್ಮ ಮೂಷೆಯ ಉಕ್ಕು ಬೇರೆ ಜಾತಿಯದು. ಅದರ ರೇಖೆಗೆ ಪದರ ಬೇಡ, ಕರಗಿದ ಉಕ್ಕಿನಲ್ಲಿಯೇ ಅದರ ಬೀಜವುಂಟು. ಇಂಗ್ಲಿಷರ ‘ವೂಟ್ಸ್’ ಎಂಬ ಶಬ್ದವು ಕನ್ನಡದ ‘ಉಕ್ಕು’ ಎಂಬುದರಿಂದ ಬಂದಿತೆಂದು ಅನೇಕ ಪಂಡಿತರ ಮತ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಈ ಕೆಲಸವನ್ನು ಕಂಡು ಬರೆದಿಟ್ಟನು. ಆ ಶತಮಾನದಲ್ಲಿಯೇ ಕುಲುಮೆಗಳು ಆರುತ್ತ ಬಂದುವು. ಪರದೇಶದವನು ಕುಳಿತು ಕೇಳಿದನು. ಮೂವತ್ತು ವರ್ಷ ಪಾಠ ಹೇಳಿದ ನಾನು ಶಾಲೆಯ ಬೀದಿಯಲ್ಲಿಯೇ ಇದ್ದ ಕಮ್ಮಾರನನ್ನು ಒಂದು ದಿನವೂ ಕೇಳಲಿಲ್ಲ.