ರಕ್ತಪಾತದ ನಂತರ ಒಂದು ವಿಶ್ವಕೋಶ

ಪವಿತ್ರ ಕುರ್‌ಆನಿನ ಮೊದಲ ದಿವ್ಯಸಂದೇಶದಲ್ಲೇ ಓದಿನ ಆದೇಶವಿದೆ, ಲೇಖನಿಯ ಪ್ರಸ್ತಾಪವಿದೆ ಎಂದು ನಾವು ಮಿಂಬರಿನ ಮೇಲೆ ನಿಂತು ಎಷ್ಟೋ ಜುಮುಅಗಳಲ್ಲಿ ಹೇಳಿದ್ದೇವೆ. ಹೇಳಿ ಕೆಳಗಿಳಿದಾಗ ಮಸೀದಿಯ ಕಿತಾಬುಗಳ ಕಪಾಟಿಗೆ ಬೀಗ ಬಿದ್ದಿರುವುದನ್ನು ಕಂಡು ತಲೆತಗ್ಗಿಸಿದ್ದೂ ಇದೆ. ಹಾಗಾಗಿ ಈ ಸಲ ಉಪದೇಶಕ್ಕಿಂತ ಸ್ವಲ್ಪ ಚರಿತ್ರೆ.

ಎಲ್ಲ ಜ್ಞಾನವನ್ನೂ ಒಂದೆಡೆ ಸೇರಿಸುವ ಕೆಲಸ ಮುಸ್ಲಿಮರಿಗೆ ಹೊಸದಲ್ಲ. ಹತ್ತನೇ ಶತಮಾನದ ಬಸ್ರಾದಲ್ಲಿ ಇಖ್ವಾನುಸ್ಸಫಾ ಎಂಬ ಬಳಗ ಗಣಿತದಿಂದ ಸಂಗೀತದವರೆಗೆ ಹಲವು ವಿದ್ಯೆಗಳ ಬಗ್ಗೆ ಪ್ರಬಂಧಗಳನ್ನು ಬರೆಯಿತು. ಹದಿನಾಲ್ಕನೇ ಶತಮಾನದ ಈಜಿಪ್ಟಿನಲ್ಲಿ ಅನ್ನುವೈರಿ 30ಕ್ಕೂ ಹೆಚ್ಚು ಸಂಪುಟಗಳ ಗ್ರಂಥ ರಚಿಸಿದರು. ಆದರೆ ಇವೆಲ್ಲ ಕೈಬರಹದವು. ಪ್ರತಿಯೊಂದು ನಕಲಿಗೂ ತಿಂಗಳುಗಟ್ಟಲೆ ದುಡಿಮೆ ಬೇಕಿತ್ತು. ಬಡ ವಿದ್ಯಾರ್ಥಿಗೆ ಅವು ನಿಲುಕುತ್ತಿರಲಿಲ್ಲ.

ಮುದ್ರಣ ಬಂದಾಗ ನಾವು ಹಿಂಜರಿದೆವು. 1727ರಲ್ಲಿ ಇಸ್ತಾಂಬುಲಿನಲ್ಲಿ ಇಬ್ರಾಹೀಮ್ ಮುತಫರ್ರಿಕಾ ಅವರಿಗೆ ಮುದ್ರಣಾಲಯ ತೆರೆಯಲು ಅನುಮತಿ ಸಿಕ್ಕಿತು. ಶೈಖುಲ್ ಇಸ್ಲಾಮರ ಫತ್ವಾವೂ ಅದರ ಪರವಾಗಿತ್ತು. ಆದರೆ ಕುರ್‌ಆನ್, ತಫ್ಸೀರ್, ಹದೀಸ್, ಫಿಕ್ಹ್ ಗ್ರಂಥಗಳನ್ನು ಅದರಿಂದ ಹೊರಗಿಡಲಾಯಿತು. ಪವಿತ್ರ ವಚನದಲ್ಲಿ ತಪ್ಪು ನುಸುಳಿದರೆ ಅದೇ ತಪ್ಪು ಸಾವಿರ ಪ್ರತಿಗಳಲ್ಲಿ ಹರಡೀತು ಎಂಬ ಭಯ ಸಣ್ಣದಲ್ಲ. ಆ ಭಯಕ್ಕೆ ಉತ್ತರ ಯಂತ್ರವನ್ನು ದೂರವಿಡುವುದಲ್ಲ, ತಿದ್ದುವವರನ್ನು ತಯಾರು ಮಾಡುವುದು ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು.

ಅದನ್ನು ತೋರಿಸಿಕೊಟ್ಟದ್ದು ಕೈರೋದ ಬೂಲಾಕ್ ಮುದ್ರಣಾಲಯ. 1820ರಲ್ಲಿ ಮುಹಮ್ಮದ್ ಅಲಿ ಪಾಷಾ ನೈಲ್ ನದಿಯ ದಡದಲ್ಲಿ ಸ್ಥಾಪಿಸಿದ ಈ ಮುದ್ರಣಾಲಯದಲ್ಲಿ ಅಝ್‌ಹರ್‌ನಲ್ಲಿ ಕಲಿತ ವಿದ್ವಾಂಸರು ಕರಡು ತಿದ್ದುವವರಾದರು. 1880ರ ದಶಕದಲ್ಲಿ ಅಲ್ಲಿಂದ 20 ಸಂಪುಟಗಳ ‘ಲಿಸಾನುಲ್ ಅರಬ್’ ನಿಘಂಟು ಹೊರಬರತೊಡಗಿತು. ಹಿಜರಿ 1311ರಿಂದ 1313ರ ನಡುವೆ ಸುಲ್ತಾನ್ ಅಬ್ದುಲ್ ಹಮೀದರ ಆದೇಶದಂತೆ ಸಹೀಹುಲ್ ಬುಖಾರಿಯ ಶುದ್ಧ ಪ್ರತಿ ಅಚ್ಚಾಯಿತು. ಇಂದಿಗೂ ವಿದ್ವಾಂಸರು ನೆಚ್ಚುವ ಪ್ರತಿ ಅದು.

ಇನ್ನು ಬೈರೂತ್‌ಗೆ ಬರೋಣ. 1860ರಲ್ಲಿ ಲೆಬನಾನ್ ಬೆಟ್ಟಗಳಲ್ಲಿ ದ್ರೂಸರು ಮತ್ತು ಮಾರೋನೈಟ್ ಕ್ರೈಸ್ತರ ನಡುವೆ ಕಾಳಗ ನಡೆಯಿತು. ಜುಲೈಯಲ್ಲಿ ಬೆಂಕಿ ದಮಾಸ್ಕಸ್ಸಿಗೆ ಹಬ್ಬಿ ಸಾವಿರಾರು ಕ್ರೈಸ್ತರು ಕೊಲ್ಲಲ್ಪಟ್ಟರು. ಅಲ್ಲಿ ಆಶ್ರಯದಲ್ಲಿದ್ದ ಅಲ್ಜೀರಿಯಾದ ಅಮೀರ್ ಅಬ್ದುಲ್ ಕಾದಿರ್ ತಮ್ಮ ಜನರೊಂದಿಗೆ ಬೀದಿಗಿಳಿದು ಸಾವಿರಾರು ಕ್ರೈಸ್ತರ ಪ್ರಾಣ ಉಳಿಸಿದರು. ಈಮಾನ್ ಎಂದರೇನೆಂದು ಅಂದು ಆ ಬೀದಿಗಳು ಕಂಡವು. ಅದನ್ನು ಮರೆತವರನ್ನೂ ಕಂಡವು.

ಆ ವರ್ಷವೇ ಬುತ್ರುಸ್ ಅಲ್ ಬುಸ್ತಾನಿ ಎಂಬ ಕ್ರೈಸ್ತ ವಿದ್ವಾಂಸರು ಸೇಡಿನ ಮಾತಾಡದೆ, ಒಂದೇ ನಾಡಿನ ಮಕ್ಕಳು ನಾವು ಎಂದು ಸಾರುವ ಹನ್ನೊಂದು ಕರಪತ್ರಗಳನ್ನು ಒಂದೊಂದಾಗಿ ಹೊರತರತೊಡಗಿದರು. 1863ರಲ್ಲಿ ಎಲ್ಲ ಧರ್ಮಗಳ ಮಕ್ಕಳೂ ಒಟ್ಟಿಗೆ ಕೂತು ಕಲಿಯುವ ಶಾಲೆ ತೆರೆದರು. ನಂತರ ‘ಮುಹೀತುಲ್ ಮುಹೀತ್’ ಎಂಬ ಅರಬಿ ನಿಘಂಟು ಬರೆದರು. 1876ರಲ್ಲಿ ಅವರ ‘ದಾಇರತುಲ್ ಮಆರಿಫ್’ನ ಮೊದಲ ಸಂಪುಟ ಬಂತು. ಅರಬಿಯ ಮೊದಲ ಆಧುನಿಕ ವಿಶ್ವಕೋಶ ಅದು. ಈಜಿಪ್ಟಿನ ಮುಸ್ಲಿಮ್ ದೊರೆ ಖದೀವ್ ಇಸ್ಮಾಈಲ್ ಅದಕ್ಕೆ ನೆರವಾದರು.

1883ರಲ್ಲಿ ತೀರಿಕೊಳ್ಳುವಾಗ ಬುಸ್ತಾನಿಯವರು ಆರು ಸಂಪುಟ ಮುಗಿಸಿದ್ದರು. ಮಗ ಸಲೀಮ್ ಮುಂದುವರಿಸಿದರು. ಮರುವರ್ಷವೇ ಅವರೂ ಹೋದರು. ಉಳಿದ ಮಕ್ಕಳು, ಬಂಧುಗಳು ಹೆಗಲು ಕೊಟ್ಟರು. 1900ರಲ್ಲಿ 11ನೇ ಸಂಪುಟಕ್ಕೆ ಕೆಲಸ ನಿಂತಿತು. ಆಗ ತಲುಪಿದ್ದು ‘ಐನ್’ ಅಕ್ಷರಕ್ಕೆ. ಅಲಿಫ್‌ನಿಂದ ಎಣಿಸಿದರೆ 28ರಲ್ಲಿ 18ನೆಯದು. ಗ್ರಂಥ ಪೂರ್ಣವಾಗಲಿಲ್ಲ, ಆದರೆ ಅದರ ಹೆಸರೇ ಅರಬಿ, ಉರ್ದು ಭಾಷೆಗಳಲ್ಲಿ ವಿಶ್ವಕೋಶಕ್ಕೆ ಪದವಾಗಿ ನಿಂತಿತು.

ನಮ್ಮ ನಾಡಿಗೂ ಆ ಹೆಸರು ಬಂತು. 1888ರಲ್ಲಿ ಹೈದರಾಬಾದಿನಲ್ಲಿ ದಾಇರತುಲ್ ಮಆರಿಫ್ ಸ್ಥಾಪನೆಯಾಯಿತು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ನಿಜಾಮ್ ರಾಜ್ಯದ ಭಾಗಗಳು. ಇದು ವಿಶ್ವಕೋಶ ಬರೆಯುವ ಸಂಸ್ಥೆಯಾಗಿರಲಿಲ್ಲ. ಹುಳ ತಿನ್ನುತ್ತಿದ್ದ ಹಸ್ತಪ್ರತಿಗಳನ್ನು ಹುಡುಕಿ, ಹೋಲಿಸಿ, ಅಚ್ಚು ಹಾಕುವುದು ಅದರ ಕೆಲಸ. ‘ಕನ್ಝುಲ್ ಉಮ್ಮಾಲ್’, ಇಮಾಮ್ ಹಾಕಿಮರ ‘ಮುಸ್ತದ್ರಕ್’, ಇಮಾಮ್ ಬೈಹಕಿಯವರ ‘ಸುನನ್’ ಮುಂತಾದ ಹದೀಸ್ ಸಂಗ್ರಹಗಳು ಅಲ್ಲಿಂದ ಅರಬ್ ನಾಡುಗಳಿಗೂ ಹೋದವು. ಇತ್ತ ಲಕ್ನೋದಲ್ಲಿ 1858ರಲ್ಲಿ ಮುನ್ಶಿ ನವಲ್ ಕಿಶೋರ್ ಸ್ಥಾಪಿಸಿದ ಮುದ್ರಣಾಲಯ ಕುರ್‌ಆನಿನ ಪ್ರತಿಗಳನ್ನೂ ಫಿಕ್ಹ್ ಗ್ರಂಥಗಳನ್ನೂ ಕಡಿಮೆ ಬೆಲೆಗೆ ಮನೆಮನೆಗೆ ತಲುಪಿಸಿತು. ಅವರು ಹಿಂದೂ. ಮದ್ರಸದ ದಿನಗಳಲ್ಲಿ ನಾವು ತಿರುವಿಹಾಕಿದ ಹಳದಿ ಹಾಳೆಗಳ ಕಲ್ಲಚ್ಚಿನ ಕಿತಾಬುಗಳಲ್ಲಿ ಅವರ ಹೆಸರಿತ್ತು. ಆಗ ಅದನ್ನು ನಾವು ಗಮನಿಸಿರಲೇ ಇಲ್ಲ.

ಸಹೋದರರೇ, ‘ನಮ್ಮ’ ಕಿತಾಬುಗಳನ್ನು ಉಳಿಸಿದ ಕೈಗಳೆಲ್ಲವೂ ನಾವು ‘ನಮ್ಮವರು’ ಎನ್ನುವವರದ್ದಲ್ಲ. ಅನ್ಯರ ಅಂಗಡಿಗೆ ಹೋಗಬೇಡಿ, ಅನ್ಯರ ಶಾಲೆಗೆ ಹೋಗಬೇಡಿ ಎಂಬ ಮಾತು ಎರಡೂ ಕಡೆಯಿಂದ ಕಿವಿಗೆ ಬೀಳುವ ಈ ಕಾಲದಲ್ಲಿ ಇದನ್ನು ನೆನಪಿಡಬೇಕು. ಇನ್ನೊಂದು ಮಾತು. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಬೇಡಿ ಎಂದು ಕುರ್‌ಆನ್ ಕಲಿಸುತ್ತದೆ. ಬೂಲಾಕಿನ ವಿದ್ವಾಂಸರು ಒಂದು ಅಕ್ಷರಕ್ಕಾಗಿ ಹಲವು ಪ್ರತಿಗಳನ್ನು ನೋಡುತ್ತಿದ್ದರು. ನಾವು ಮೊಬೈಲಿಗೆ ಬಂದದ್ದನ್ನು ಓದಿ ಮುಗಿಸುವ ಮೊದಲೇ ಹತ್ತು ಜನರಿಗೆ ಕಳಿಸುತ್ತೇವೆ. ಗಲಭೆಗೆ ಅಷ್ಟು ಸಾಕು.

ನಮ್ಮ ಕಪಾಟಿನ ಬೀಗವನ್ನು ಈ ತಿಂಗಳು ತೆಗೆಸುತ್ತಿದ್ದೇವೆ. ಅಸರ್ ನಂತರ ಮಗ್ರಿಬ್‌ವರೆಗೆ ತೆರೆದಿರುತ್ತದೆ. ಮಕ್ಕಳನ್ನು ಕಳಿಸಿ, ಅವರ ಗೆಳೆಯರೂ ಬರಲಿ, ಯಾವ ಧರ್ಮದವರಾದರೂ ಸರಿ. ಮುಗಿಸಲು ಆಗುತ್ತದೋ ಇಲ್ಲವೋ, ಅಲಿಫ್‌ನಿಂದ ಆರಂಭಿಸುವುದು ನಮ್ಮ ಪಾಲು. ಪೂರ್ಣಗೊಳಿಸುವವನು ಅಲ್ಲಾಹನು. ಅವನು ನಮ್ಮ ಜ್ಞಾನವನ್ನು ಹೆಚ್ಚಿಸಲಿ, ನಮ್ಮ ಊರನ್ನು ಶಾಂತಿಯಲ್ಲಿಡಲಿ. ಆಮೀನ್.