ಅಣ್ಣನ ಜಾವಾ ಗಾಡಿಯ ಪೆಟ್ರೋಲ್ ಟ್ಯಾಂಕು

ನಮ್ಮ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷಗಳಿಂದ ಮೂಲೆ ಹಿಡಿದು ನಿಂತಿದ್ದ ದಿವಂಗತ ಅಣ್ಣನ ಜಾವಾ ಮೋಟಾರ್ ಸೈಕಲ್ಲನ್ನು ಗುಜರಿಗೆ ಹಾಕುವುದೆಂದು ಕಳೆದ ವರ್ಷ ಬಹುತೇಕ ನಿಶ್ಚಯವಾಗಿತ್ತು. ಅತ್ತಿಗೆ ಒಪ್ಪಲಿಲ್ಲ. ಇದನ್ನು ಓದುತ್ತಿರುವ ನಮ್ಮ ಮನೆಯ ಮಕ್ಕಳಲ್ಲಿ ಹಲವರು ಅದರ ಟ್ಯಾಂಕಿನ ಮೇಲೆ ಕುಳಿತು ಜಾತ್ರೆಗೆ ಹೋದವರೇ.

ಈ ಗಾಡಿಯ ಮೂಲ ಝೆಕ್ ದೇಶ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ಅವರ ಉಚ್ಚಾರಣೆಯಲ್ಲಿ 'ಯಾವಾ', ನಮ್ಮ ಬಾಯಲ್ಲಿ ಜಾವಾ. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಸಂಸ್ಥೆಯು 1961ರಿಂದ ಮೈಸೂರಿನಲ್ಲಿ ಇದನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು.

ಟ್ಯಾಂಕಿನ ತಳ ತೂತಾಗಿತ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಪಾಠವನ್ನು ಮೂವತ್ತು ವರ್ಷ ಬೋಧಿಸಿದವನು ನಾನು. ಅರೆ ತುಂಬಿದ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ ಅಲ್ಲಿಯೇ ಲೋಹವನ್ನು ತಿನ್ನುತ್ತದೆ. ಇಷ್ಟು ನನಗೆ ಗೊತ್ತಿತ್ತು. ಆದರೆ ಸಮೀಪದ ವೆಲ್ಡಿಂಗ್ ಅಂಗಡಿಯವರೊಬ್ಬರು "ಎರಡು ದಿನ ಮುಚ್ಚಳ ತೆಗೆದು ಬಿಸಿಲಿಗಿಟ್ಟು ತನ್ನಿ, ಬೆಸೆದುಕೊಡುತ್ತೇನೆ" ಎಂದಾಗ ತಲೆಯಾಡಿಸಿ ಬಂದವನೂ ನಾನೇ!

ತಡೆದವನು ಗ್ಯಾರೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ. ರಸಾಯನಶಾಸ್ತ್ರದಲ್ಲಿ ಅವನಿಗೆ ನಾನು ಎಂದೂ ನಲವತ್ತು ಅಂಕ ದಾಟಿಸಿರಲಿಲ್ಲ. "ಮೇಷ್ಟ್ರೇ, ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಅಪಾಯ" ಎಂದ. ದಿಟವೇ. ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಶೇಕಡಾ ಒಂದೂವರೆಯಿಂದ ಏಳರಷ್ಟು ಪೆಟ್ರೋಲಿನ ಆವಿ ಬೆರೆತರೆ ಕಿಡಿಯೊಂದು ಸಾಕು ಸಿಡಿಯಲು. ತುಕ್ಕಿನ ಪದರದಲ್ಲಿಯೂ ಬೆಸುಗೆಯ ಸಂದಿನಲ್ಲಿಯೂ ಅಡಗಿದ ಜಿಡ್ಡು ಬಿಸಿ ತಗುಲಿದೊಡನೆ ಮತ್ತೆ ಆವಿಯಾಗುತ್ತದೆ. ಬಿಸಿಲು ಅದನ್ನು ಪೂರ್ತಿ ಹೋಗಲಾಡಿಸುವುದಿಲ್ಲ.

ಅವನು ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಐದಾರು ಬಾರಿ ತೊಳೆದ. ತೂತಿಗೆ ರಬ್ಬರ್ ಬಿಗಿದು, ಒಳಗೆ ಹಿಡಿಯಷ್ಟು ನಟ್ಟುಗಳನ್ನು ಹಾಕಿ ಕುಲುಕಿದ; ಬಿದ್ದ ತುಕ್ಕನ್ನು ನೋಡಿ ನನಗೆ ಟ್ಯಾಂಕೇ ಉಳಿಯಲಿಕ್ಕಿಲ್ಲ ಎನ್ನಿಸಿತು. ಎರಡು ದಿನ ವಿನೆಗರ್ ತುಂಬಿಟ್ಟು, ಅಡುಗೆ ಸೋಡಾದ ನೀರಿನಿಂದ ಆಮ್ಲವನ್ನು ತೊಳೆದಾಗ ಮತ್ತೆರಡು ಸೂಜಿಮೊನೆಯ ತೂತುಗಳು ಕಂಡವು. ಟ್ಯಾಂಕಿನ ಬಾಯಿಗೆ ಬಿರಡೆ ಹಾಕಿ, ಬೋರಲು ಮಾಡಿ, ಪೆಟ್ರೋಲ್ ನಲ್ಲಿ ಕೂರುವ ತೂತಿನಿಂದ ತೂತುಗಳಿಗೆ ಬೆರಳಗಲ ಕೆಳಗಿನವರೆಗೆ ನೀರು ತುಂಬಿದ. ಆವಿಗೆ ಜಾಗವೇ ಇಲ್ಲ! ಆಮೇಲೆ ಬೆಂಕಿಯ ಜ್ವಾಲೆ ಸೋಕಿಸದೆ, ಕಾಯಿಸಿದ ತಾಮ್ರದ ಸಲಾಕೆಯಿಂದ ಸೀಸ-ತವರದ ಬೆಸುಗೆ ಹಾಕಿದ.

ಎಡಬದಿಯ ತಗ್ಗನ್ನೂ ತಟ್ಟಿ ಸರಿಮಾಡಲೇ ಎಂದು ಕೇಳಿದ. ಅಣ್ಣ ಒಮ್ಮೆ ಹೊಳೆಯ ಇಳಿಜಾರಿನಲ್ಲಿ ಬಿದ್ದಾಗ ಆದದ್ದು ಅದು. "ಅದು ಹಾಗೇ ಇರಲಿ ಬಿಡಪ್ಪ" ಎಂದರು ಅತ್ತಿಗೆ.

ಅಂದು ರಾತ್ರಿ ಪೆಟ್ರೋಲ್ ತುಂಬಿ, ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ ಮಲಗಿದೆವು. ನಸುಕಿನಲ್ಲಿ ನಾನು ಏಳುವ ಮೊದಲೇ ಅತ್ತಿಗೆ ಕೊಟ್ಟಿಗೆಗೆ ಹೋಗಿ ನೋಡಿಬಂದಿದ್ದರು. ಕಾಗದ ಒಣಗಿಯೇ ಇತ್ತು.